ಟೀವಿ ಪೂಜೆ ಸಾಲದೇ?

ಪ್ರಶ್ನೆ: ಅಮ್ಮಾ, ಚರ್ಚಿನ ಪೂಜೆಯನ್ನು ಟೀವಿಯಲ್ಲಿ ನೋಡುವ, ಕೊರೊನಾ ಕಾಲದಲ್ಲಿ ಶುರುವಾದ ಟೀವಿ ಪೂಜೆ ನಮ್ಮ ಮನೆಯಲ್ಲಿ ಇನ್ನೂ ನಡೆದೇ ಇದೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಇಳಿಯಲಾರರು. ಭಾನುವಾರ ಅವರ ಜೊತೆ ಕೂತು ನಾವೆಲ್ಲ ಭಕ್ತಿಯಿಂದಲೇ ನೋಡುತ್ತೇವೆ. ಆದರೆ ಅತ್ತೆಯೇ 'ನೀವಾದರೂ ಚರ್ಚಿಗೆ ಹೋಗಬಾರದೇ' ಎನ್ನುತ್ತಾರೆ. ದೇವರು ಎಲ್ಲ ಕಡೆ ಇರುವಾಗ ಹೋಗಲೇಬೇಕೇ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ನಿಮ್ಮತ್ತೆ ಹೇಳುವುದು ಸರಿ, ಮಗಳೇ. ದೇವರು ನಿಮ್ಮ ಅಡುಗೆಮನೆಯಲ್ಲೂ ಇದ್ದಾನೆ, ನಿಜ. ಆದರೆ ಚರ್ಚಿನ ಪೂಜೆ, ಅಂದರೆ ನಮ್ಮ ಬಲಿಪೂಜೆ, ಪ್ರಭು ಯೇಸುವಿನ ಭೋಜನ. ಪರದೆಯಲ್ಲಿ ಗುರುಗಳು ಪರಮಪ್ರಸಾದ, ಅಂದರೆ ಯೇಸುವಿನ ಶರೀರವೆಂದು ನಾವು ಸ್ವೀಕರಿಸುವ ರೊಟ್ಟಿ, ಎತ್ತಿ ಹಿಡಿದಾಗ ಕೈಮುಗಿಯಬಹುದು, ಸ್ವೀಕರಿಸುವುದು ಹೇಗೆ? 2020ರಲ್ಲಿ ಬಿಷಪರು ಭಾನುವಾರ ತಪ್ಪದೆ ಪೂಜೆಗೆ ಹೋಗಬೇಕೆಂಬ ಕಟ್ಟಳೆಗೆ ವಿನಾಯಿತಿ ಕೊಟ್ಟದ್ದು ಸೋಂಕಿನ ಕಾರಣಕ್ಕೆ. ಅದೇ ವರ್ಷ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್, ಜನರೂ ಸಂಸ್ಕಾರಗಳೂ ಇಲ್ಲದ ಈ ಸ್ಥಿತಿ ಸಂಕಟಕಾಲದ್ದು, ಇದರಲ್ಲೇ ಉಳಿದುಬಿಡಬಾರದು ಎಂದು ಎಚ್ಚರಿಸಿದ್ದರು.

ನಾನು ಚಿಕ್ಕವಳಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ನಮ್ಮಜ್ಜಿ ಹಿಂದಿನ ಸಾಲಿನಲ್ಲಿ ಕೂತು ತನ್ನ ಪಾಡಿಗೆ ಜಪಸರ ಎಣಿಸುತ್ತಿದ್ದಳು. ಅರವತ್ತರ ದಶಕದಲ್ಲಿ ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕನ್ನಡಕ್ಕೆ ಬಂತು. ಗುರುಗಳು ಹೇಳಿದ್ದಕ್ಕೆ ಮರುನುಡಿಯುವ ಭಾಗ್ಯ ಅಜ್ಜಿಗೂ ಸಿಕ್ಕಿತು. ಆ ಮರುನುಡಿ ಎಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ನಮ್ಮ ಯಜಮಾನರು ತೀರಿಕೊಂಡ ಮೇಲಿನ ಮೊದಲ ಭಾನುವಾರ. 'ದೇವರನ್ನು ವಿಶ್ವಾಸಿಸುತ್ತೇನೆ' ಎಂದು ಪೂಜೆಯಲ್ಲಿ ಎಲ್ಲರೂ ಹೇಳುವ ವಿಶ್ವಾಸ ಪ್ರಮಾಣ ಹೇಳಲು ನನಗೆ ಬಾಯೇ ಬರಲಿಲ್ಲ. ನನ್ನ ಹಿಂದೆ, ಅಕ್ಕಪಕ್ಕ ಇದ್ದವರೆಲ್ಲ ಹೇಳಿದರು. ಅವತ್ತು ಅವರ ವಿಶ್ವಾಸವೇ ನನ್ನನ್ನು ಹೊತ್ತುಕೊಂಡಿತ್ತು. ನಿಮ್ಮ ಪಕ್ಕದ ಬೆಂಚಿನಲ್ಲೂ ಈ ಭಾನುವಾರ ಅಂಥವರೊಬ್ಬರು ಇರಬಹುದು. ಟೀವಿಯ ಮುಂದೆ ನೀವು ಹೇಳುವ 'ಆಮೆನ್' ಅವರ ಕಿವಿಗೆ ಬೀಳುವುದಿಲ್ಲ.

ನಿಮ್ಮತ್ತೆಯ ವಿಷಯ ಬೇರೆ. ಕಾಯಿಲೆ, ವೃದ್ಧಾಪ್ಯದಿಂದ ಬರಲಾಗದವರ ಮೇಲೆ, ಅವರನ್ನು ಬಿಟ್ಟು ಬರಲಾಗದವರ ಮೇಲೆ ಈ ಕಟ್ಟಳೆಯ ಭಾರ ಇಲ್ಲ. ಅವರಿಗೆ ಟೀವಿ ಪೂಜೆ ದೊಡ್ಡ ಆಸರೆ; ದಯವಿಟ್ಟು ನಿಲ್ಲಿಸಬೇಡಿ. ಆದರೆ ಅವರಿಗೆ ಪರಮಪ್ರಸಾದ ಸಿಕ್ಕಿ ಎಷ್ಟು ದಿನವಾಯಿತು? ನಿಮ್ಮ ಪತ್ರ ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನ್ ರೋಮ್‌ನ ಕ್ರೈಸ್ತರ ಭಾನುವಾರವನ್ನು ವರ್ಣಿಸುತ್ತಾ, ಎಲ್ಲರೂ ಒಂದೆಡೆ ಸೇರುತ್ತಿದ್ದರು, ಬಾರದವರಿಗೆ ಗುರುಗಳ ಸಹಾಯಕರಾದ ಡೀಕನ್ನರು ಪ್ರಸಾದ ಒಯ್ಯುತ್ತಿದ್ದರು ಎಂದು ಬರೆದಿದ್ದಾರೆ. ಸೇರಿದವರು ಇದ್ದರೆ ತಾನೇ ಒಯ್ಯುವುದು!

ಅತ್ತೆಯೊಬ್ಬರನ್ನೇ ಮನೆಯಲ್ಲಿ ಬಿಡಬಾರದಂತಿದ್ದರೆ ನೀವೂ ಯಜಮಾನರೂ ಸರದಿಯ ಮೇಲೆ ಹೋಗಿ, ಒಬ್ಬರು ಬೆಳಗಿನ ಪೂಜೆಗೆ, ಇನ್ನೊಬ್ಬರು ಸಂಜೆಯದಕ್ಕೆ. ಮಕ್ಕಳನ್ನು ಕರೆದೊಯ್ಯಿರಿ. ಪೂಜೆ ಮುಗಿದ ಮೇಲೆ ಗುರುಗಳನ್ನು ಕಂಡು, ಅತ್ತೆಗೆ ಮನೆಗೇ ಪರಮಪ್ರಸಾದ ತಂದುಕೊಡಲು ಕೇಳಿ. ಅವರು ಬರುವ ದಿನ ಅತ್ತೆಯ ಮಂಚದ ಪಕ್ಕ ಸಣ್ಣ ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು ಮೇಣದಬತ್ತಿ ಹಚ್ಚಿಡಿ. ಆ ಹೊತ್ತಿಗೆ ಟೀವಿ ಆರಿಸಿರಿ.