ಆವತ್ತು ಬಿದ್ದದ್ದು ಯಾರು?

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರ ಪತ್ರ: “2018ರ ನವೆಂಬರ್ 15ರಂದು ಬ್ರೆಕ್ಸಿಟ್ ಮಂತ್ರಿ ರಾಜೀನಾಮೆ ಕೊಟ್ಟ ಕೂಡಲೇ ಲಂಡನ್ ಷೇರುಪೇಟೆ ಕುಸಿಯಿತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಲ್ಲೇ ಇರುವ ನನ್ನ ಅಕ್ಕನ ಮಗ ‘ಆವತ್ತು ಎಫ್‌ಟಿಎಸ್‌ಇ 100 ಬಿದ್ದೇ ಇಲ್ಲ ಮಾವ’ ಅನ್ನುತ್ತಾನೆ. ಯಾರನ್ನು ನಂಬಲಿ? ಬ್ರೆಕ್ಸಿಟ್‌ನಿಂದಾಗಿ ಟಾಟಾ ಮೋಟರ್ಸ್ ಷೇರಿನಲ್ಲಿ ಕೈಸುಟ್ಟುಕೊಂಡವನು ನಾನು. ಇನ್ನೊಂದು, ಪೌಂಡ್ ಬಿದ್ದರೆ ನಮ್ಮ ರೊಬಸ್ಟಾ ರೇಟೂ ಬೀಳಬೇಕಲ್ಲವೇ?”

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಸೋದರಳಿಯ ಹೇಳಿದ್ದೇ ಸರಿ. ಆ ದಿನದ ಕೊನೆಗೆ ಎಫ್‌ಟಿಎಸ್‌ಇ 100 (ಲಂಡನ್ ಪೇಟೆಯ ನೂರು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಕೂದಲೆಳೆಯಷ್ಟು ಮೇಲೆಯೇ ಇತ್ತು. ನಮ್ಮದು ಅವಸರದ ವಾಕ್ಯ. ಹಾಗಂತ ಆವತ್ತು ಯಾರೂ ಬೀಳಲಿಲ್ಲ ಎಂದಲ್ಲ.

ಹಿಂದಿನ ದಿನವಷ್ಟೇ ಆಗಿನ ಬ್ರಿಟನ್ ಪ್ರಧಾನಿ ಥೆರೆಸಾ ಮೇ ಐದು ತಾಸು ಸಂಪುಟ ಸಭೆ ನಡೆಸಿ, ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವ, ಅಂದರೆ ಬ್ರೆಕ್ಸಿಟ್‌ನ, 585 ಪುಟಗಳ ಕರಡು ಒಪ್ಪಂದಕ್ಕೆ ಹೂಂ ಅನ್ನಿಸಿಕೊಂಡಿದ್ದರು. ಬೆಳಗಾಗುವಷ್ಟರಲ್ಲಿ ಬ್ರೆಕ್ಸಿಟ್ ಖಾತೆಯ ಡೊಮಿನಿಕ್ ರಾಬ್ ಅವರೇ ಹೊರನಡೆದರು. 1.30 ಡಾಲರ್ ಆಸುಪಾಸಿನಲ್ಲಿದ್ದ ಪೌಂಡ್ 1.28ಕ್ಕಿಂತ ಕೆಳಗೆ ಜಾರಿತು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಷೇರು ಒಂದೇ ದಿನ ಶೇ 10ರ ಹತ್ತಿರ ಇಳಿಯಿತು. ಮನೆ ಕಟ್ಟಿ ಮಾರುವ ಪರ್ಸಿಮನ್, ಬ್ಯಾರಟ್, ಟೇಲರ್ ವಿಂಪಿಗೂ ಪೆಟ್ಟು ಬಿತ್ತು. ಇವರಿಗೆಲ್ಲ ಗಿರಾಕಿಗಳು ಬ್ರಿಟನ್ನಿನೊಳಗೇ ಇರುವವರು. ನಾಳೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಬರ್ಮಿಂಗ್‌ಹ್ಯಾಮಿನ ಗುಮಾಸ್ತನೊಬ್ಬ ಮನೆ ಕೊಳ್ಳುವುದನ್ನು ಮುಂದಕ್ಕೆ ಹಾಕಿದರೆ ಕಟ್ಟುವವನಿಗೂ ನಷ್ಟ, ಸಾಲ ಕೊಡುವ ಬ್ಯಾಂಕಿಗೂ ನಷ್ಟ.

ಎಫ್‌ಟಿಎಸ್‌ಇ 100ರ ದೊಡ್ಡ ಕುಳಗಳೇ ಬೇರೆ. ಶೆಲ್, ಬಿಪಿ, ಯುನಿಲಿವರ್, ಗಣಿ ಕಂಪನಿಗಳು: ಇವುಗಳ ಷೇರು ಮಾರಾಟ ಲಂಡನ್ನಿನಲ್ಲಿ, ವ್ಯಾಪಾರ ಮಾತ್ರ ಲೋಕದ ತುಂಬ. ಈ ನೂರು ಕಂಪನಿಗಳ ಆದಾಯದಲ್ಲಿ ಹೆಚ್ಚುಕಡಿಮೆ ಶೇ 70ರಷ್ಟು ಹೊರದೇಶಗಳಿಂದ ಬರುವಂಥದ್ದು. ಲೆಕ್ಕ ಹಾಕಿ ನೋಡಿ. 2016ರ ಜೂನ್ 23ರ ರಾತ್ರಿ, ಬ್ರೆಕ್ಸಿಟ್ ಬೇಕೇ ಬೇಡವೇ ಎಂಬ ಜನಮತಗಣನೆಯ ಫಲಿತಾಂಶಕ್ಕೆ ಮೊದಲು, ಪೌಂಡಿಗೆ 1.50 ಡಾಲರ್ ಇತ್ತು. ಅಂದರೆ ನ್ಯೂಯಾರ್ಕಿನಲ್ಲಿ ದುಡಿದ 100 ಡಾಲರ್ ಲಂಡನ್ನಿನ ಪುಸ್ತಕದಲ್ಲಿ 67 ಪೌಂಡ್. ಜುಲೈ ಹೊತ್ತಿಗೆ ಪೌಂಡ್ 1.30ರ ಸುತ್ತ ಬಂತು. ಅದೇ 100 ಡಾಲರ್ 77 ಪೌಂಡ್ ಆಯಿತು. ಒಂದು ಲೀಟರ್ ಎಣ್ಣೆಯನ್ನೂ ಹೆಚ್ಚಿಗೆ ಮಾರಲಿಲ್ಲ, ಲಾಭ ಮಾತ್ರ ಹಿಗ್ಗಿತು. ಜೂನ್ 24ರಂದು ಶೇ 3ರಷ್ಟು ಇಳಿದಿದ್ದ ಎಫ್‌ಟಿಎಸ್‌ಇ 100 ಒಂದು ವಾರದೊಳಗೆ ಹಳೆಯ ಮಟ್ಟ ದಾಟಿದ್ದು ಹೀಗೆ. ಒಳನಾಡಿನ ವ್ಯಾಪಾರವನ್ನೇ ಹೆಚ್ಚು ನೆಚ್ಚಿಕೊಂಡ, ಆ ನೂರರ ನಂತರದ 250 ಕಂಪನಿಗಳ ಸೂಚ್ಯಂಕವಾದ ಎಫ್‌ಟಿಎಸ್‌ಇ 250 ಆ ದಿನ ಶೇ 7ರಷ್ಟು ಬಿದ್ದಿತ್ತು. ಅದಕ್ಕೆ ಅಷ್ಟು ಬೇಗ ಏಳಲಾಗಲಿಲ್ಲ. ಬ್ರಿಟನ್ನಿನ ಆರೋಗ್ಯ ನೋಡಬೇಕಾದವರು ಇದರ ನಾಡಿ ಹಿಡಿಯಬೇಕಿತ್ತು. ನಮ್ಮನ್ನೂ ಸೇರಿಸಿ ಪತ್ರಿಕೆಯವರು ‘ಅನಿಶ್ಚಿತತೆ, ಕುಸಿತ’ ಎಂದು ಎರಡೇ ಪದದಲ್ಲಿ ಮುಗಿಸಿಬಿಡುತ್ತೇವೆ.

ಕೆಟ್ಟ ಸುದ್ದಿಗೆ ಪೇಟೆ ಬಿದ್ದೇ ಬೀಳುತ್ತದೆ ಅನ್ನುವಂತೆಯೂ ಇಲ್ಲ. 2019ರ ಜನವರಿ 15ರಂದು ಮೇ ಅವರ ಒಪ್ಪಂದ ಸಂಸತ್ತಿನಲ್ಲಿ 432–202 ಮತಗಳಿಂದ ಸೋತಿತು. ಅಂಥ ಸೋಲನ್ನು ಅಲ್ಲಿನ ಯಾವ ಸರ್ಕಾರವೂ ಕಂಡಿರಲಿಲ್ಲ. ಆದರೂ ಮತಕ್ಕೆ ಮುಂಚೆ ಇಳಿದಿದ್ದ ಪೌಂಡ್ ಮತ ಮುಗಿದ ಮೇಲೆ ಚೇತರಿಸಿಕೊಂಡಿತು. ಸೋಲು ಎಲ್ಲರಿಗೂ ಗೊತ್ತಿದ್ದದ್ದೇ. ಇಷ್ಟು ದೊಡ್ಡ ಅಂತರದಲ್ಲಿ ಸೋತ ಮೇಲೆ, ಒಪ್ಪಂದವೇ ಇಲ್ಲದೆ ಹೊರಬೀಳುವ ಭಯ ಕಡಿಮೆಯಾಯಿತು ಎಂದು ವ್ಯಾಪಾರಿಗಳು ಎಣಿಸಿದರು.

ಇನ್ನು ನಿಮ್ಮ ಟಾಟಾ ಮೋಟರ್ಸ್. 2016ರ ಜೂನ್ 24ರಂದು ಸೆನ್ಸೆಕ್ಸ್ 600 ಚಿಲ್ಲರೆ ಅಂಕ ಇಳಿದಾಗ ಈ ಷೇರು ಶೇ 8ರಷ್ಟು ಬಿದ್ದದ್ದು ನಿಜ. ಟಾಟಾ ಕೊಂಡಿದ್ದ ಜಾಗ್ವಾರ್ ಲ್ಯಾಂಡ್ ರೋವರ್ ಕಂಪನಿಯ ಮುಖ್ಯ ಕಾರ್ಖಾನೆಗಳಿರುವುದು ಇಂಗ್ಲೆಂಡಿನಲ್ಲಿ. ಆದರೆ ಸೆಪ್ಟೆಂಬರ್ ಹೊತ್ತಿಗೆ ಅದು ಬಿದ್ದ ಜಾಗಕ್ಕಿಂತ ಎಷ್ಟೋ ಮೇಲಿತ್ತು. ನಿಜವಾದ ಹೊಡೆತ ಬಿದ್ದದ್ದು ಆಮೇಲೆ. 2018ರ ಕೊನೆಯ ತ್ರೈಮಾಸಿಕದಲ್ಲಿ ಕಂಪನಿ 26,961 ಕೋಟಿ ರೂಪಾಯಿ ನಷ್ಟ ತೋರಿಸಿತು. ಚೀನಾದಲ್ಲಿ ಕಾರುಗಳು ಖರ್ಚಾಗುತ್ತಿರಲಿಲ್ಲ, ಯುರೋಪಿನಲ್ಲಿ ಡೀಸೆಲ್ ಕಾರೆಂದರೆ ಜನ ದೂರ ಸರಿಯುತ್ತಿದ್ದರು. ಬ್ರೆಕ್ಸಿಟ್ ಪಾಲೂ ಇತ್ತು ಅನ್ನಿ. ಆದರೆ ಅದೊಂದರ ತಲೆಗೇ ಎಲ್ಲ ಕಟ್ಟಬೇಡಿ.

ರೊಬಸ್ಟಾ ವಿಷಯ: ಇಲ್ಲ, ಪೌಂಡ್ ಬಿತ್ತೆಂದು ರೇಟು ಬೀಳಬೇಕಾಗಿಲ್ಲ. ವಾಯಿದೆ ವ್ಯಾಪಾರ (ಮುಂದಿನ ತಿಂಗಳುಗಳ ಮಾಲಿಗೆ ಇಂದೇ ಬೆಲೆ ಕುದುರಿಸುವುದು) ಲಂಡನ್ನಿನದಾದರೂ ರೊಬಸ್ಟಾ ಬೆಲೆ ಕಟ್ಟುವುದು ಟನ್ನಿಗೆ ಇಷ್ಟು ಡಾಲರ್ ಎಂದು. ಪೌಂಡಿನ ಗೊಡವೆ ಬಿಟ್ಟು ಡಾಲರಿಗೆ ಎಷ್ಟು ರೂಪಾಯಿ ಎಂದು ನೋಡಿ. ಆಮೇಲೆ, ಅತಿ ಹೆಚ್ಚು ರೊಬಸ್ಟಾ ಬೆಳೆಯುವ ವಿಯೆಟ್ನಾಂನಲ್ಲಿ ಈ ಸಲ ಮಳೆ ಹೇಗೆ ಎಂದು ವಿಚಾರಿಸಿ.