ರಾತ್ರಿಪಾಳಿ ತಪ್ಪಲೆಂದೇ ಇನ್‌ಚಾರ್ಜ್ ಆಗುವುದೆ?

"ಹನ್ನೊಂದು ವರ್ಷದಿಂದ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಈಗ ವಾರ್ಡಿನ ಉಸ್ತುವಾರಿ ನೋಡುವ ಇನ್‌ಚಾರ್ಜ್ ಹುದ್ದೆಗೆ ಕರೆದಿದ್ದಾರೆ. ರಾತ್ರಿಪಾಳಿ ತಪ್ಪಿಸಿಕೊಳ್ಳಲು ಹೊರಟಿದ್ದಾಳೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಅದೇ ಕಾರಣವಾದರೆ ತಪ್ಪೇ?" ಎಂದು ಓದುಗರೊಬ್ಬರು ಬರೆದಿದ್ದಾರೆ.

ತಪ್ಪೇನೂ ಇಲ್ಲ, ಸಿಸ್ಟರ್. ಸೊಂಟನೋವು, ನಿದ್ದೆಗೇಡು, ಮನೆಯಲ್ಲಿ ಚಿಕ್ಕ ಮಕ್ಕಳು, ಇವೆಲ್ಲ ಸಣ್ಣ ಕಾರಣಗಳಲ್ಲ. ಆದರೆ ಇಷ್ಟನ್ನೇ ನಂಬಿ ಹೋದವರು ಬೇಗ ಬೇಸತ್ತು ಹಿಂತಿರುಗುತ್ತಾರೆ. ಸಂಬಳ, ಕೆಲಸದ ಹೊತ್ತು, ಮೇಲಿನವರ ವರ್ತನೆ ಕೆಟ್ಟಿದ್ದರೆ ಅಸಮಾಧಾನ ಹುಟ್ಟುತ್ತದೆ, ನೆಟ್ಟಗಾದ ಮಾತ್ರಕ್ಕೆ ಹುಮ್ಮಸ್ಸು ಹುಟ್ಟುವುದಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದರು. ಅಲ್ಲದೆ ರಾತ್ರಿಪಾಳಿ ತಪ್ಪಿದರೂ "ನಾಳೆ ಬೆಳಿಗ್ಗೆ ಇಬ್ಬರು ಬರುತ್ತಿಲ್ಲ" ಎಂಬ ರಾತ್ರಿ ಹನ್ನೊಂದರ ಫೋನ್ ತಪ್ಪುವುದಿಲ್ಲ. ಪಾಳಿ ಭತ್ಯೆ, ಓವರ್‌ಟೈಮ್ ನಿಂತು ಕೈಗೆ ಬರುವ ಹಣ ಇಳಿಯುವುದೂ ಉಂಟು.

ಬಾಳಿಕೆ ಬರುವ ಕಾರಣ ಬೇರೆ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಲು ಜನವಿಲ್ಲದೆ ಬೆಡ್‌ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಆಗಿದೆ ಎನ್ನಿ. ಡ್ರೆಸ್ಸಿಂಗ್ ನೀವು ಮಾಡಬಲ್ಲಿರಿ. ಪಕ್ಕದ ಹಾಸಿಗೆಯವರಿಗೂ ಅದಾಗದಂತೆ ತಡೆಯಬೇಕಾದರೆ ಯಾರಿಗೆ ಯಾವ ಪಾಳಿ ಎಂಬ ಪಟ್ಟಿ, ಅಂದರೆ ರೋಸ್ಟರ್, ನಿಮ್ಮ ಕೈಯಲ್ಲಿರಬೇಕು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರ ಕುರಿತ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ದಾಖಲಾದ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುವುದು ಅದರಲ್ಲಿ ಕಂಡುಬಂತು. ಇದನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡು ರೇಗಿದವರೇ ಒಳ್ಳೆಯ ಇನ್‌ಚಾರ್ಜ್ ಆಗುವುದು ಎಂಬುದು ನಮ್ಮ ಅನಿಸಿಕೆ.

ನಿಮಗೆ ಆ ರೇಗು ಇದೆಯೇ? ಒಪ್ಪುವ ಮೊದಲು ಒಂದು ತಿಂಗಳ ರೋಸ್ಟರನ್ನು ನೀವೇ ಬರೆದು ನೋಡಿ. ಒಬ್ಬ ನರ್ಸ್ ಹಗಲಿರುಳೂ ಇರಬೇಕಾದ ಜಾಗಕ್ಕೆ ವಾರಕ್ಕೆ 168 ಗಂಟೆ. ಒಬ್ಬರ ದುಡಿಮೆ 40 ಗಂಟೆಯಾದರೆ 4.2 ಜನ, ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ಹತ್ತಿರಹತ್ತಿರ 5. ಪಾಳಿಗೆ ನಾಲ್ವರು ಬೇಕಾದ ವಾರ್ಡಿಗೆ 20 ಜನ. ಪಟ್ಟಿಯಲ್ಲಿರುವುದು 16 ಹೆಸರು ಎಂದುಕೊಳ್ಳಿ. ಮಂಜೂರಾದ ರಜೆ ಮೊದಲು ಗುರುತಿಸಿ, ಆಮೇಲೆ ರಾತ್ರಿಪಾಳಿ ತುಂಬಿ, ಪ್ರತಿ ಪಾಳಿಗೂ ಒಬ್ಬ ಅನುಭವಿ ಇರುವಂತೆ ನೋಡಿ, ರಾತ್ರಿ ಮುಗಿಸಿದವರ ಹೆಸರು ಅಂದೇ ಮಧ್ಯಾಹ್ನಕ್ಕೆ ಬೀಳದಿರಲಿ. ಖಾಲಿ ಉಳಿದ ಚೌಕಗಳನ್ನು ಕಂಡಾಗ "ಹೇಗಾದರೂ ಹೊಂದಿಸೋಣ" ಅನ್ನಿಸುತ್ತದೋ, ಹಾಳೆ ಹರಿಯಬೇಕೆನ್ನಿಸುತ್ತದೋ ಗಮನಿಸಿ.

ಕೈ ಪಳಗಿದವರನ್ನು ಇನ್‌ಚಾರ್ಜ್ ಮಾಡುವ ರೂಢಿಯಿಂದಲೇ ಎಷ್ಟೋ ಎಡವಟ್ಟಾಗುತ್ತದೆ. ಸೂಜಿ ಚುಚ್ಚಲು ರಕ್ತನಾಳ ಸಿಗದಿದ್ದರೆ ಕಿರಿಯರು ಇವರನ್ನೇ ಕರೆಯುತ್ತಾರೆ, ಇವರು ಹೋಗಿ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುತ್ತಾರೆ. ವಾರ್ಡಿಗೆ ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ (ಇಂಡೆಂಟ್) ಮೇಜಿನ ಮೇಲೇ ಉಳಿಯುತ್ತದೆ, ಕಿರಿಯರೂ ಕಲಿಯುವುದಿಲ್ಲ. ಗೆಳತಿಯ ರಾತ್ರಿಪಾಳಿ ಎರಡು ಸಲ ತೆಗೆದುಹಾಕಿದರೆ ಮೂರನೇ ತಿಂಗಳು ಆ ರೋಸ್ಟರನ್ನು ಯಾರೂ ನಂಬುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಅಧಿಕಾರವಿಲ್ಲದ ಹೊಣೆ. ಆದ್ದರಿಂದ ಸಹಿ ಹಾಕುವ ಮೊದಲು ಕೇಳಿ: ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದೆಷ್ಟು? ರಜೆ ಕೊಡುವವರು ಯಾರು? ಜನ ಕಡಿಮೆ ಬಿದ್ದಾಗ ಬೇರೆ ವಾರ್ಡಿನಿಂದ ಕರೆಸಲು ನಿಮ್ಮ ಮಾತು ಸಾಕೇ? ಕಚೇರಿ ಕೆಲಸಕ್ಕೆಂದೇ ವಾರದಲ್ಲಿ ಎಷ್ಟು ಹೊತ್ತು, ಆಗ ನಿಮಗೆ ರೋಗಿಗಳನ್ನು ಹಂಚುವುದಿಲ್ಲವಷ್ಟೆ? ಆರು ತಿಂಗಳಲ್ಲಿ ಹೊಂದದಿದ್ದರೆ ಈಗಿನ ದರ್ಜೆಗೇ ಮರಳಬಹುದೇ? ಈ ಕೊನೆಯದಕ್ಕೆ ಮಾತ್ರ ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.