ಯೋಕ್ ತಿರುಗಿದರೆ ಸಾಲದು, ರೆಕ್ಕೆ ಕಡೆ ನೋಡಿ

ಪ್ರಶ್ನೆ: ಮಗಳು ಜಕ್ಕೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ಪ್ರತಿ ಸಲ ಹಾರುವ ಮುಂಚೆ ವಿಮಾನದ ಸುತ್ತ ಓಡಾಡಿ ಎಲ್ಲವನ್ನೂ ಮುಟ್ಟಿ ನೋಡಬೇಕಂತೆ. ಮೆಕ್ಯಾನಿಕ್ ನೋಡಿ ಸಹಿ ಹಾಕಿದ ಮೇಲೂ ಯಾಕೆ ಸರ್? (ದಾವಣಗೆರೆಯ ಓದುಗರು)

ಉತ್ತರ: ಮೆಕ್ಯಾನಿಕ್ ನೋಡಿದ್ದು ಅವರು ನೋಡಿದ ಹೊತ್ತಿನ ವಿಮಾನವನ್ನು. ಆಮೇಲೆ ಇನ್ಯಾರೋ ಹಾರಿಸಿರುತ್ತಾರೆ, ಯಾರೋ ಪೆಟ್ರೋಲ್ ತುಂಬಿಸಿರುತ್ತಾರೆ, ರಾತ್ರಿ ಮಳೆ ಗಾಳಿ ಬಂದಿರುತ್ತದೆ. ಮೇಲೆ ಹೋಗುವವಳು ನಿಮ್ಮ ಮಗಳು. ಹಾಗಾಗಿ ಕೊನೆಯ ಕಣ್ಣು ಅವಳದ್ದೇ ಆಗಿರಬೇಕು.

ಇದರಲ್ಲಿ ಎಲ್ಲಕ್ಕಿಂತ ಹಳೆಯ ಪಾಠ ಕಂಟ್ರೋಲ್ ಲಾಕ್‌ನದ್ದು. ನಿಂತ ವಿಮಾನದ ರೆಕ್ಕೆ, ಬಾಲಗಳ ಪಟ್ಟಿಗಳು ಗಾಳಿಗೆ ಬಡಿದುಕೊಳ್ಳದಿರಲಿ ಅಂತ ಅವನ್ನು ಲಾಕ್ ಮಾಡಿಡುತ್ತಾರೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ ಬೋಯಿಂಗ್‌ನ ಮಾಡೆಲ್ 299 ಎಂಬ ಹೊಸ ಬಾಂಬರ್, ಆ ಲಾಕ್ ತೆಗೆಯದೆಯೇ ಮೇಲೇರಿ, ಮೂತಿ ಎತ್ತಿಕೊಂಡು, ಬಿತ್ತು. ಇಬ್ಬರು ಪೈಲಟ್‌ಗಳು ತೀರಿಕೊಂಡರು. ಇಬ್ಬರೂ ಪಳಗಿದವರೇ. ಪೈಲಟ್‌ಗಳು ಚೆಕ್‌ಲಿಸ್ಟ್ ಕೈಯಲ್ಲಿ ಹಿಡಿಯುವ ಪದ್ಧತಿ ಬೇರೂರಿದ್ದು ಅದರ ನಂತರ.

ಹಳೇ ಕಾಲದ ಕಥೆ ಅಂದುಕೊಳ್ಳಬೇಡಿ. 2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ಒಂದು ಇದೇ ಲಾಕ್ ಹಾಕಿಕೊಂಡೇ ರನ್‌ವೇಯಲ್ಲಿ ಓಡಿತು. ನೆಲ ಬಿಟ್ಟು ಏಳಲೇ ಇಲ್ಲ. ಏಳು ಜನ ಸತ್ತರು. ಆ ವಿಮಾನದ ರೆಕಾರ್ಡರ್ ತೆಗೆದು ನೋಡಿದರೆ, ಅದಕ್ಕೆ ಹಿಂದಿನ 175 ಟೇಕಾಫ್‌ಗಳಲ್ಲಿ ಪೈಲಟ್‌ಗಳು ಕಂಟ್ರೋಲ್‌ಗಳನ್ನು ಪೂರ್ತಿ ಆಡಿಸಿ ನೋಡಿದ್ದು ಎರಡೇ ಸಲ! ಏನೂ ಆಗದೆ ಇದ್ದದ್ದೇ ಅವರಿಗೆ ಧೈರ್ಯ ಕೊಟ್ಟಿತ್ತು ಅಂತ ಕಾಣುತ್ತದೆ.

ಕಲಿಯುವವರು ಹಾರಿಸುವ ಸೆಸ್ನಾದಂಥ ಚಿಕ್ಕ ವಿಮಾನಗಳಲ್ಲಿ ಈ ಲಾಕ್ ಅಂದರೆ ಯೋಕ್‌ಗೆ (ಪೈಲಟ್ ಹಿಡಿಯುವ ಸ್ಟೀರಿಂಗ್‌ಗೆ) ಸಿಕ್ಕಿಸುವ ಒಂದು ಕಂಬಿ, ಅದಕ್ಕೊಂದು ಕೆಂಪು ತಗಡು. ಸ್ಟಾರ್ಟ್ ಮಾಡುವ ಕೀ ಜಾಗವನ್ನೇ ಆ ತಗಡು ಮುಚ್ಚುತ್ತದೆ. ಕಂಬಿ ಕಳೆದುಹೋದಾಗ ಕೆಲವರು ಒಂದು ಮೊಳೆ ಸಿಕ್ಕಿಸಿಬಿಡುತ್ತಾರೆ. ದಯವಿಟ್ಟು ಬೇಡ. ಮೊಳೆಗೆ ಕೆಂಪು ತಗಡು ಇರುವುದಿಲ್ಲ.

ಪ್ರಶ್ನೆ: ಚಿಕ್ಕ ವಿಮಾನದಲ್ಲೂ ಕಂಪ್ಯೂಟರ್ ಮೂಲಕವೇ ರೆಕ್ಕೆ ಆಡುತ್ತದೆಯೇ? ಅದು ಸರಿಯಾಗಿದೆ ಅಂತ ಒಳಗೆ ಕೂತು ಹೇಗೆ ತಿಳಿಯುವುದು? (ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಸೆಸ್ನಾ 152, 172ರಲ್ಲಿ ಇದಕ್ಕೆ ಕಂಪ್ಯೂಟರೂ ಇಲ್ಲ, ಹೈಡ್ರಾಲಿಕ್ಸೂ ಇಲ್ಲ. ಸೈಕಲ್ ಬ್ರೇಕ್ ವೈರ್ ಇದ್ದ ಹಾಗೆ ಉಕ್ಕಿನ ಕೇಬಲ್, ಅದು ಹಾಯಲು ಅಲ್ಲಲ್ಲಿ ರಾಟೆ, ಅಷ್ಟೇ. ನಿಮ್ಮ ಕೈಬಲವೇ ರೆಕ್ಕೆ ತುದಿಯ ಪಟ್ಟಿಯಾದ ಏಲೆರಾನ್‌ಗೂ ಬಾಲದ ಅಡ್ಡ ಪಟ್ಟಿಯಾದ ಎಲಿವೇಟರ್‌ಗೂ ಹೋಗುತ್ತದೆ. ಬಾಲದ ನೆಟ್ಟಗಿನ ಪಟ್ಟಿಯಾದ ರಡ್ಡರ್‌ಗೆ ಕಾಲಿನ ಪೆಡಲ್. ಕೇಬಲ್‌ನ ಎಳೆ ಕಿತ್ತಿದೆಯೇ ಅಂತ ನೋಡಲು ಮೆಕ್ಯಾನಿಕ್‌ಗಳು ಅದರ ಮೇಲೆ ಬಟ್ಟೆ ಎಳೆಯುತ್ತಾರೆ, ಎಳೆ ಎದ್ದಿದ್ದರೆ ಬಟ್ಟೆ ಸಿಕ್ಕಿಹಾಕಿಕೊಳ್ಳುತ್ತದೆ.

ಪೈಲಟ್ ನೋಡಬೇಕಾದದ್ದು ಎರಡು, ಜನ ಸಾಮಾನ್ಯವಾಗಿ ಮಾಡುವುದು ಒಂದೇ. ಯೋಕ್ ಸಲೀಸಾಗಿ ಕೊನೆತನಕ ತಿರುಗುತ್ತದೆಯೇ ಅನ್ನುವುದು ಮೊದಲನೆಯದು. ರೆಕ್ಕೆ, ಬಾಲದ ಪಟ್ಟಿಗಳು ಸರಿಯಾದ ಕಡೆಗೆ ಆಡುತ್ತವೆಯೇ ಅನ್ನುವುದು ಎರಡನೆಯದು, ಇದಕ್ಕೆ ಕುತ್ತಿಗೆ ತಿರುಗಿಸಿ ಹೊರಗೆ ನೋಡಲೇಬೇಕು. ಯೋಕ್ ಎಡಕ್ಕೆ ತಿರುಗಿಸಿದರೆ ಎಡ ಏಲೆರಾನ್ ಮೇಲೆ, ಬಲದ್ದು ಕೆಳಗೆ. ಹೆಬ್ಬೆರಳು ಮೇಲೆ ನಿಲ್ಲಿಸಿ ಯೋಕ್ ಹಿಡಿದರೆ ಅದು ಯಾವ ಕಡೆ ವಾಲುತ್ತದೋ ಆ ಕಡೆಯ ಏಲೆರಾನ್ ಎದ್ದಿರಬೇಕು. ಯೋಕ್ ಎಳೆದರೆ ಎಲಿವೇಟರ್ ಮೇಲೆ ಏಳಬೇಕು, ಹಿಂದಿನ ಗಾಜಿನಲ್ಲಿ ಕಾಣುತ್ತದೆ. ನಿಂತಲ್ಲೇ ಪೆಡಲ್ ಜೋರಾಗಿ ಒತ್ತಬೇಡಿ, ಅದು ಮುಂದಿನ ಚಕ್ರಕ್ಕೂ ಜೋಡಿಸಿರುತ್ತದೆ.

ರಿಪೇರಿ ಮುಗಿಸಿ ಬಂದ ವಿಮಾನದಲ್ಲಿ ಇದನ್ನು ಇನ್ನೂ ಜಾಸ್ತಿ ಅನುಮಾನದಿಂದ ನೋಡಿ. 2018ರ ನವೆಂಬರ್ 11ರಂದು ಪೋರ್ಚುಗಲ್‌ನ ಅಲ್ವೆರ್ಕಾದಲ್ಲಿ ರಿಪೇರಿಯಿಂದ ಹೊರಬಂದ ಕಜಕಿಸ್ತಾನದ ಏರ್ ಅಸ್ತಾನಾ ಕಂಪನಿಯ ಎಂಬ್ರಾಯರ್ 190 ಜೆಟ್‌ಗೆ ಏಲೆರಾನ್ ಕೇಬಲ್‌ಗಳನ್ನು ತಪ್ಪಾಗಿ ಜೋಡಿಸಿದ್ದರು. ಎಡಕ್ಕೆ ತಿರುಗಿಸಿದರೆ ವಿಮಾನ ಬಲಕ್ಕೆ ವಾಲುತ್ತಿತ್ತು. ಹೇಗೋ ಹೆಣಗಾಡಿ ಬೇಜಾದಲ್ಲಿ ಇಳಿಸಿದರು, ಎಲ್ಲರೂ ಉಳಿದರು. ಅಲ್ಲಿ ಯೋಕ್ ಸಲೀಸಾಗಿಯೇ ತಿರುಗುತ್ತಿತ್ತು, ಅಲ್ವಾ?

ಪ್ರಶ್ನೆ: ಮೀಟರ್ ಇರುವಾಗ ಟ್ಯಾಂಕ್‌ಗೆ ಕಡ್ಡಿ ಇಳಿಸಿ ಇಂಧನ ಅಳೆಯುವುದು ಯಾಕೆ? (ಮೈಸೂರಿನ ಓದುಗರು)

ಉತ್ತರ: ಚಿಕ್ಕ ವಿಮಾನದ ಮೀಟರನ್ನು ನಂಬಿ ಯಾರೂ ಹಾರುವುದಿಲ್ಲ, ಅದಕ್ಕೆ. ಟ್ಯಾಂಕ್ ತಳದಿಂದ ಒಂದಿಷ್ಟು ಬಸಿದು ನೋಡುವುದೂ ಕಡ್ಡಾಯ. ನೀರು ಭಾರ, ತಳಕ್ಕೆ ಇಳಿಯುತ್ತದೆ. ಚಿಕ್ಕ ವಿಮಾನಕ್ಕೆ ಹಾಕುವ ಪೆಟ್ರೋಲ್, 100ಎಲ್‌ಎಲ್ ಆವ್‌ಗ್ಯಾಸ್, ತಿಳಿ ನೀಲಿ ಬಣ್ಣದ್ದು, ಅದರಲ್ಲಿ ನೀರಿನ ಗುಳ್ಳೆ ಬೇರೆಯಾಗಿ ಕಾಣುತ್ತದೆ. ಆದರೆ ಬಸಿದದ್ದು ಪೂರ್ತಿ ನೀರೇ ಆಗಿದ್ದರೆ ಬೇರೆಯಾಗಿ ಕಾಣಲು ಏನಿದೆ? ನೀಲಿ ಆಕಾಶಕ್ಕೆ ಹಿಡಿದರೆ ಅದೂ ನೀಲಿಯೇ. ಬಿಳಿ ಹಿನ್ನೆಲೆಗೆ ಹಿಡಿದು ನೋಡಿ, ಮೂಸಿಯೂ ನೋಡಿ. ಮಳೆಗಾಲದಲ್ಲಿ ಬಯಲಲ್ಲಿ ನಿಂತ ವಿಮಾನವಾದರೆ ಮುಚ್ಚಳದ ರಬ್ಬರ್ ಮೇಲೂ ಕಣ್ಣಿರಲಿ.

ಪ್ರಶ್ನೆ: ಒಂದು ವಿಡಿಯೋದಲ್ಲಿ ಪೈಲಟ್ ಒಬ್ಬರು ರೆಕ್ಕೆಗೆ ಕರ್ಚೀಫ್ ಹಚ್ಚಿ ಬಾಯಿಂದ ಗಾಳಿ ಎಳೆಯುತ್ತಿದ್ದರು. ತಮಾಷೆಗಾ? (ಹೆಸರು ಬೇಡ ಅಂದಿದ್ದಾರೆ)

ಉತ್ತರ: ತಮಾಷೆ ಅಲ್ಲ, ಸುಮ್ನೆ ನಕ್ಕುಬಿಡಬೇಡಿ. ಸೆಸ್ನಾ 152, 172ರ ಎಡ ರೆಕ್ಕೆಯ ಮುಂಭಾಗದಲ್ಲಿ ಒಂದು ತೂತು ಇದೆ. ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತಿಹಿಡಿಯುವ ಬಲ ಕಳೆದುಕೊಳ್ಳುವ, ಹಂತಕ್ಕೆ ಬಂದರೆ ಅಲ್ಲಿ ಗಾಳಿ ಹೊರಕ್ಕೆ ಎಳೆದುಕೊಂಡು, ಒಳಗಿನ ಪೀಪಿ ಕೂಗುತ್ತದೆ. ನೆಲದಲ್ಲಿ ಅದನ್ನು ಪರೀಕ್ಷಿಸಲು ಬಾಯಿಯೇ ಗತಿ. ಕರ್ಚೀಫ್ ಯಾಕೆಂದರೆ ತೂತಿನೊಳಗಿನ ಹುಳು ಹುಪ್ಪಟೆ ಬಾಯಿಗೆ ಬರಬಾರದಲ್ಲ. ಆದರೆ ವೇಗ ತೋರಿಸುವ ಪಿಟಾಟ್ ಕೊಳವೆಗೆ ಮಾತ್ರ ಬಾಯಿ ಹಚ್ಚಿ ಊದಬೇಡಿ, ಒಳಗಿನ ಮೀಟರ್ ಕೆಡಬಹುದು. ಅದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆ ಅನ್ನಿಸಿದರೆ ನೀವೇ ಕಡ್ಡಿ ಹಾಕಿ ಕೆದಕಲೂ ಹೋಗಬೇಡಿ, ಮೆಕ್ಯಾನಿಕ್ ಕರೆಯಿರಿ.